ಗಣಕಯಂತ್ರದಲ್ಲಿ ಊರ ನಕಾಶೆ: ಕ್ಯೂಜಿಐಎಸ್ ತಂತ್ರಾಂಶದ ಮೊದಲ ಪಾಠ

ಬಾಗಲಕೋಟೆ ಜಿಲ್ಲೆ ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದೆ. ಇಲ್ಲಿಯ ವಾಡಿಕೆ ಮಳೆ ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ. ಹುನಗುಂದದ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವ ರೈತನಿಗಾಗಲಿ, ಇಳಕಲ್ ಸುತ್ತಲಿನ ಮಸಾರಿ ಭೂಮಿಯಲ್ಲಿ ಸಜ್ಜೆ, ತೊಗರಿ ಬೆಳೆಯುವ ರೈತನಿಗಾಗಲಿ ಮುಖ್ಯ ಪ್ರಶ್ನೆ ಒಂದೇ: ಬಿದ್ದ ಮಳೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಒಡ್ಡು, ಕೋಡಿ, ಕೃಷಿ ಹೊಂಡ ಇವೆಲ್ಲವುಗಳ ಸ್ಥಳ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಉತ್ತರ ತಪ್ಪಿದರೆ ಹೊಂಡ ಒಣಗಿ ನಿಲ್ಲುತ್ತದೆ, ಅಗೆದ ಖರ್ಚು ಮಣ್ಣುಪಾಲಾಗುತ್ತದೆ.

ಈ ಲೆಕ್ಕಕ್ಕೆ ನಕಾಶೆ ಬೇಕು. ಹಿಂದೆ ನಕಾಶೆ ಎಂದರೆ ಚಾವಡಿಯ ಕಪಾಟಿನಲ್ಲಿ ಸುತ್ತಿಟ್ಟ ಬಟ್ಟೆಯ ಹಾಳೆ. ಈಗ ಅದೇ ಕೆಲಸವನ್ನು ಗಣಕಯಂತ್ರದಲ್ಲಿ ಮಾಡಬಹುದು. ಅದಕ್ಕೆ ಬಳಸುವ ಸಾಧನವನ್ನು ಭೌಗೋಳಿಕ ಮಾಹಿತಿ ವ್ಯವಸ್ಥೆ ಅಥವಾ ಸಂಕ್ಷೇಪವಾಗಿ ಜಿಐಎಸ್ ಎನ್ನುತ್ತಾರೆ. ಇವುಗಳಲ್ಲಿ ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. 2002ರಲ್ಲಿ ಗ್ಯಾರಿ ಶರ್ಮನ್ ಎಂಬುವರು ಇದನ್ನು ಆರಂಭಿಸಿದರು. ಈಗ ಹಲವು ದೇಶಗಳ ಸ್ವಯಂಸೇವಕರು ಕೂಡಿ ಇದನ್ನು ಬೆಳೆಸುತ್ತಿದ್ದಾರೆ. ಕೃಷಿ ಸಹಾಯಕರು, ಜಲಾನಯನ ಸಂಘದ ಕಾರ್ಯದರ್ಶಿಗಳು, ಪದವಿ ಓದಿದ ರೈತರ ಮಕ್ಕಳು ವಾರಕ್ಕೆ ಎರಡು ಸಂಜೆ ಕುಳಿತರೂ ಒಂದು ತಿಂಗಳಲ್ಲಿ ಇದರ ಮೂಲ ಕೆಲಸಗಳನ್ನು ಕಲಿಯಬಹುದು.

ನಾಲ್ಕು ಊರು, ನಾಲ್ಕು ಹಾಳೆ

ಮೊದಲು ಈ ತಂತ್ರಾಂಶದ ಉಪಯೋಗವೇನೆಂದು ತಿಳಿಯೋಣ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಕ್ರಮದ ಭೂಪಟಗಳಲ್ಲಿ ಪ್ರತಿ ನಾಲ್ಕು ಅಕ್ಷಾಂಶ, ನಾಲ್ಕು ರೇಖಾಂಶಗಳ ಚೌಕಕ್ಕೆ ಒಂದು ಸಂಖ್ಯೆ ಇದೆ. 16 ಡಿಗ್ರಿ ಉತ್ತರ ಅಕ್ಷಾಂಶವೂ 76 ಡಿಗ್ರಿ ಪೂರ್ವ ರೇಖಾಂಶವೂ ಒಂದನ್ನೊಂದು ಕತ್ತರಿಸುವುದು ನಮ್ಮ ಜಿಲ್ಲೆಯ ಭಾಗದಲ್ಲಿಯೇ. ಹೀಗಾಗಿ ಬಾಗಲಕೋಟೆ 47ನೆಯ ಹಾಳೆಯಲ್ಲಿ, ಬಾದಾಮಿ 48ರಲ್ಲಿ, ಹುನಗುಂದ 56ರಲ್ಲಿ, ಇಳಕಲ್ 57ರಲ್ಲಿ ಬರುತ್ತವೆ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿ ಕೆಲವೇ ಮೈಲಿಯದಾದರೂ ಭೂಪಟದಲ್ಲಿ ಅದು ಒಂದು ಹಾಳೆಯಿಂದ ಇನ್ನೊಂದಕ್ಕೆ ದಾಟುತ್ತದೆ.

ಕಾಗದದ ಮೇಲೆ ಒಂದು ಹಳ್ಳದ ಪೂರ್ತಿ ಜಲಾನಯನ ನೋಡಬೇಕೆಂದರೆ ಎರಡು ಮೂರು ಹಾಳೆಗಳ ಅಂಚು ಕತ್ತರಿಸಿ ಅಂಟಿಸಬೇಕಾಗುತ್ತಿತ್ತು. ಜಿಐಎಸ್‌ನಲ್ಲಿ ಪ್ರತಿ ಬಿಂದುವಿಗೂ ಅದರ ಅಕ್ಷಾಂಶ ರೇಖಾಂಶಗಳು ಅಂಟಿಕೊಂಡೇ ಇರುವುದರಿಂದ ಹಾಳೆಗಳು ತಾವಾಗಿ ಕೂಡಿಕೊಳ್ಳುತ್ತವೆ. ಇಳಕಲ್ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಹೊಂದಿಸಿ ಕೂಡಿಸುತ್ತಾರಲ್ಲವೆ? ಇಲ್ಲಿಯೂ ಹಾಗೆಯೇ. ಆದರೆ ಎಳೆಯ ಲೆಕ್ಕ ತಪ್ಪಿದರೆ ಕೂಡಿಕೆ ತಪ್ಪುವಂತೆ, ಸ್ಥಾನದ ಲೆಕ್ಕ ತಪ್ಪಿದರೆ ನಕಾಶೆಯೂ ತಪ್ಪುತ್ತದೆ. ಆದುದರಿಂದ ಕೆಳಗಿನ ಹಂತಗಳನ್ನು ಕ್ರಮವಾಗಿ ಕಲಿಯತಕ್ಕದ್ದು.

1. ತೆರೆಯ ಭಾಗಗಳ ಪರಿಚಯ

ತಂತ್ರಾಂಶದ ಆವೃತ್ತಿಗಳಲ್ಲಿ ದೀರ್ಘಾವಧಿ ಆವೃತ್ತಿ ಎಂಬುದನ್ನು ಆರಿಸಿಕೊಳ್ಳಿರಿ. ಅದು ಪದೇ ಪದೇ ಬದಲಾಗುವುದಿಲ್ಲ. ತೆರೆದಾಗ ನಡುವೆ ದೊಡ್ಡ ಬಿಳಿಯ ಜಾಗ ಕಾಣುತ್ತದೆ. ನಕಾಶೆ ಮೂಡುವುದು ಅಲ್ಲಿಯೇ. ಎಡಕ್ಕೆ ಪದರುಗಳ ಪಟ್ಟಿ ಇದೆ. ಇದಕ್ಕೆ ಲೇಯರ್ಸ್ ಎಂದು ಹೆಸರು. ಕೆಳಗಿನ ಪಟ್ಟಿಯಲ್ಲಿ ನೀವು ಬೆರಳಿಟ್ಟ ಬಿಂದುವಿನ ಸ್ಥಾನ, ನಕಾಶೆಯ ಪ್ರಮಾಣ ಹಾಗೂ ಬಲತುದಿಗೆ ಸ್ಥಾನಪದ್ಧತಿಯ ಸಂಖ್ಯೆ ಕಾಣುತ್ತವೆ. ಈ ಕೆಳಗಿನ ಪಟ್ಟಿಯನ್ನು ಆಗಾಗ ನೋಡುವ ರೂಢಿ ಮಾಡಿಕೊಳ್ಳಬೇಕು.

ಪದರು ಎಂದರೇನು? ಹೊಲಗಳ ಎಲ್ಲೆ ಒಂದು ಪದರು, ಹಳ್ಳಗಳು ಒಂದು ಪದರು, ಬಾವಿಗಳು ಇನ್ನೊಂದು. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಇವುಗಳನ್ನು ಇಡಬಹುದು, ತೆಗೆಯಬಹುದು. ಪಟ್ಟಿಯಲ್ಲಿ ಮೇಲಿದ್ದುದು ನಕಾಶೆಯಲ್ಲಿಯೂ ಮೇಲೆ ಬರುತ್ತದೆ.

ಪದರುಗಳಲ್ಲಿ ಎರಡು ಬಗೆ. ಬಿಂದು, ಗೆರೆ, ಆವರಣಗಳಾಗಿ ಇರುವುದು ವೆಕ್ಟರ್. ಬಾವಿ ಬಿಂದು, ಹಳ್ಳ ಗೆರೆ, ಹೊಲ ಆವರಣ. ಚಿಕ್ಕ ಚಿಕ್ಕ ಚೌಕಗಳಿಂದ ಕೂಡಿದ್ದು ರಾಸ್ಟರ್. ಉಪಗ್ರಹದ ಚಿತ್ರ, ಭೂಮಿಯ ಎತ್ತರದ ದತ್ತಾಂಶ ಈ ಬಗೆಯವು.

ಒಂದು ಎಚ್ಚರಿಕೆ: ಪ್ರಾಜೆಕ್ಟ್ ಎಂದು ಉಳಿಸಿದ ಕಡತದಲ್ಲಿ ಸಾಮಾನ್ಯವಾಗಿ ದತ್ತಾಂಶ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಆ ಕಡತವೊಂದನ್ನೇ ಇನ್ನೊಬ್ಬರಿಗೆ ಕೊಟ್ಟರೆ ಅವರಿಗೆ ಪದರು ಕಾಣುವುದಿಲ್ಲ. ಒಂದು ಊರಿನ ಎಲ್ಲ ಕಡತಗಳನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟು, ಕೊಡುವಾಗ ಪೂರ್ತಿ ಫೋಲ್ಡರನ್ನೇ ಕೊಡಬೇಕು.

2. ಸ್ಥಾನಪದ್ಧತಿ ಆರಿಸುವುದು

ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ. ಮೊಬೈಲು ತೋರಿಸುವ ಅಕ್ಷಾಂಶ ರೇಖಾಂಶಗಳು ಡಿಗ್ರಿಯಲ್ಲಿರುತ್ತವೆ. ಈ ಪದ್ಧತಿಯ ಸಂಖ್ಯೆ ಇ.ಪಿ.ಎಸ್.ಜಿ. 4326. ಡಿಗ್ರಿ ಎಂಬುದು ಕೋನದ ಅಳತೆ, ಉದ್ದದ ಅಳತೆಯಲ್ಲ. ನಮ್ಮ ಭಾಗದಲ್ಲಿ ಒಂದು ಡಿಗ್ರಿ ಉತ್ತರಕ್ಕೆ ಹೋದರೆ ಸುಮಾರು 110.6 ಕಿಲೋಮೀಟರು, ಒಂದು ಡಿಗ್ರಿ ಪೂರ್ವಕ್ಕೆ ಹೋದರೆ ಸುಮಾರು 107 ಕಿಲೋಮೀಟರು. ಆದ್ದರಿಂದ ಡಿಗ್ರಿಯಲ್ಲಿ ಎಕರೆಯ ಲೆಕ್ಕ ಮಾಡಲಾಗದು.

ಉದ್ದ ಹಾಗೂ ಕ್ಷೇತ್ರ ಅಳೆಯಲು ಮೀಟರಿನ ಪದ್ಧತಿ ಬೇಕು. ಭೂಮಿಯನ್ನು ಆರು ಆರು ಡಿಗ್ರಿಯ 60 ಪಟ್ಟಿಗಳಾಗಿ ವಿಂಗಡಿಸಿದ ಯು.ಟಿ.ಎಂ. ಪದ್ಧತಿಯಲ್ಲಿ 72ರಿಂದ 78 ಡಿಗ್ರಿ ಪೂರ್ವದವರೆಗಿನದು 43ನೆಯ ಪಟ್ಟಿ. ಬಾಗಲಕೋಟೆ ಜಿಲ್ಲೆ ಪೂರ್ತಿಯಾಗಿ ಇದರಲ್ಲಿದೆ. ಇದರ ಸಂಖ್ಯೆ ಇ.ಪಿ.ಎಸ್.ಜಿ. 32643. ಪ್ರಾಜೆಕ್ಟನ್ನು ಆರಂಭಿಸುವಾಗಲೇ ಬಲತುದಿಯ ಸಂಖ್ಯೆಯ ಮೇಲೆ ಒತ್ತಿ ಇದನ್ನು ಆರಿಸಿರಿ. ಹಳೆಯ ಭೂಪಟಗಳು ಎವರೆಸ್ಟ್ ಎಂಬ ಬೇರೆ ಆಧಾರದ ಮೇಲೆ ತಯಾರಾದವು. ಅವುಗಳಲ್ಲಿನ ಅಕ್ಷಾಂಶಗಳನ್ನು ಮೊಬೈಲಿನ ಅಕ್ಷಾಂಶಗಳೆಂದೇ ತಿಳಿದು ಹೊಂದಿಸಿದರೆ ನಕಾಶೆ ಹೊಲಗಳೇ ದಾಟಿಹೋಗುವಷ್ಟು ಸರಿಯುತ್ತದೆ.

3. ಹೊಲದ ಬಿಂದುಗಳನ್ನು ತರುವುದು

ಬಾವಿ, ಬಾಂದುಕಲ್ಲು, ಕೋಡಿ, ಕೊರಕಲು ಬಿದ್ದ ಸ್ಥಳ ಇವುಗಳ ಹತ್ತಿರ ನಿಂತು ಮೊಬೈಲಿನಿಂದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಗಿಡದ ಕೆಳಗೆ, ಗೋಡೆಯ ಪಕ್ಕದಲ್ಲಿ ನಿಲ್ಲಬೇಡಿರಿ. ಒಂದೆರಡು ನಿಮಿಷ ನಿಂತ ಮೇಲೆಯೇ ಅಂಕಿ ಬರೆಯಬೇಕು. ಪಟ್ಟಿಯನ್ನು ಗಣಕಯಂತ್ರದಲ್ಲಿ ಹೆಸರು, ರೇಖಾಂಶ, ಅಕ್ಷಾಂಶ, ಷರಾ ಎಂಬ ನಾಲ್ಕು ಅಂಕಣಗಳಲ್ಲಿ ಹೊಡೆದು ಸಿ.ಎಸ್.ವಿ. ರೂಪದಲ್ಲಿ ಉಳಿಸಿರಿ. ನಂತರ ಲೇಯರ್ ಪಟ್ಟಿಯಲ್ಲಿ ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್ ಎಂಬುದನ್ನು ತೆರೆದು ಕಡತವನ್ನು ತೋರಿಸಬೇಕು. ಪದ್ಧತಿ 4326 ಎಂದು ಕೊಡಬೇಕು.

ಅಲ್ಲಿ ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಇಳಕಲ್ ಪಟ್ಟಣಕ್ಕೆ ಎಕ್ಸ್ ಸುಮಾರು 76.13, ವೈ ಸುಮಾರು 15.96. ಇವೆರಡನ್ನು ಅದಲು ಬದಲು ಮಾಡಿದರೆ ಇಳಕಲ್ಲಿನ ಬಾವಿ ನಾರ್ವೆ ದೇಶದ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಹಿಮಸಾಗರದಲ್ಲಿ ಹೋಗಿ ಕೂಡುತ್ತದೆ! ಬಿಂದುಗಳು ಕಾಣದೆ ಹೋದಾಗ ಮೊದಲು ಪರೀಕ್ಷಿಸಬೇಕಾದುದು ಇದನ್ನೇ.

4. ಗ್ರಾಮ ನಕಾಶೆಯನ್ನು ಹೊಂದಿಸುವುದು

ಕಂದಾಯ ಗ್ರಾಮದ ನಕಾಶೆಗಳು ಭೂದಾಖಲೆಗಳ ಇಲಾಖೆಯ ಅಂತರಜಾಲ ತಾಣದಲ್ಲಿ ದೊರೆಯುತ್ತವೆ. ಅವು ಬರೀ ಚಿತ್ರಗಳು. ಭೂಮಿಯ ಮೇಲೆ ತಮ್ಮ ಸ್ಥಳವೆಲ್ಲಿ ಎಂಬುದು ಅವಕ್ಕೆ ಗೊತ್ತಿಲ್ಲ. ಜಿಯೋರೆಫರೆನ್ಸರ್ ಎಂಬ ಸಾಧನದಿಂದ ಅದನ್ನು ತಿಳಿಸಿಕೊಡಬೇಕು. ಚಿತ್ರದಲ್ಲಿ ಗುರುತಾಗಿರುವ, ಹೊಲದಲ್ಲಿಯೂ ಇಂದಿಗೂ ಉಳಿದಿರುವ ಸ್ಥಳಗಳನ್ನು ಆರಿಸಿರಿ. ಮೂರು ಊರುಗಳ ಸೀಮೆ ಕೂಡುವ ಕಲ್ಲು, ಹಳೆಯ ಗುಡಿ, ದಾರಿಗಳು ಕತ್ತರಿಸುವ ಸ್ಥಳ ಇದಕ್ಕೆ ಯೋಗ್ಯ. ಹಳ್ಳದ ತಿರುವು ಯೋಗ್ಯವಲ್ಲ, ಹಳ್ಳ ಪಾತ್ರ ಬದಲಿಸುವುದುಂಟು.

ಲೆಕ್ಕಕ್ಕೆ ಮೂರು ಬಿಂದು ಸಾಕೆಂದು ತಂತ್ರಾಂಶ ಒಪ್ಪುತ್ತದೆ. ಆದರೆ ಮೂರೇ ಇದ್ದರೆ ತಪ್ಪು ಎಷ್ಟೆಂಬುದು ತಿಳಿಯುವುದಿಲ್ಲ. ಆರರಿಂದ ಎಂಟು ಬಿಂದುಗಳನ್ನು ಊರಿನ ನಾಲ್ಕೂ ದಿಕ್ಕಿಗೆ ಹರಡುವಂತೆ ಕೊಡಬೇಕು. ಆಗ ಪ್ರತಿ ಬಿಂದುವಿನ ಎದುರಿಗೆ ಉಳಿಕೆ ತಪ್ಪಿನ ಅಂಕಿ ಬರುತ್ತದೆ. ಒಂದೇ ಬಿಂದುವಿನ ತಪ್ಪು ಉಳಿದವುಗಳಿಗಿಂತ ಬಹಳ ಹೆಚ್ಚಿದ್ದರೆ ಆ ಕಲ್ಲನ್ನು ಮತ್ತೊಮ್ಮೆ ಹೋಗಿ ನೋಡಬೇಕು. ಕಲ್ಲು ಸರಿದಿರಬಹುದು, ಇಲ್ಲವೇ ನೀವು ಬೇರೆ ಕಲ್ಲಿನ ಹತ್ತಿರ ನಿಂತಿರಬಹುದು.

5. ಹೊಲಗಳನ್ನು ಬರೆಯುವುದು, ಎಕರೆ ತೆಗೆಯುವುದು

ಹೊಸ ಜಿಯೋಪ್ಯಾಕೇಜ್ ಪದರನ್ನು ಮಾಡಿ, ಬಗೆ ಆವರಣ, ಪದ್ಧತಿ 32643 ಎಂದು ಕೊಡಿ. ಸರ್ವೆ ನಂಬರು, ಹಿಸ್ಸಾ, ಮಣ್ಣು, ಬೆಳೆ ಎಂಬ ಅಂಕಣಗಳನ್ನು ಸೇರಿಸಿರಿ. ಪೆನ್ಸಿಲಿನ ಗುರುತನ್ನು ಒತ್ತಿದರೆ ಬರೆಯಲು ಅನುಮತಿ ಸಿಗುತ್ತದೆ. ಹೊಲದ ಮೂಲೆ ಮೂಲೆಗೆ ಒತ್ತುತ್ತ ಹೋಗಿ, ಕೊನೆಗೆ ಬಲಗುಂಡಿ ಒತ್ತಿದರೆ ಆವರಣ ಮುಗಿಯುತ್ತದೆ. ಸ್ನ್ಯಾಪಿಂಗ್ ಎಂಬ ಸೌಕರ್ಯವನ್ನು ಮೊದಲೇ ತೆರೆದಿಡಬೇಕು. ಆಗ ಪಕ್ಕದ ಹೊಲದ ಮೂಲೆಗೆ ಗೆರೆ ತಾನಾಗಿ ಅಂಟಿಕೊಳ್ಳುತ್ತದೆ. ಇಲ್ಲದಿದ್ದರೆ ಎರಡು ಹೊಲಗಳ ನಡುವೆ ಸೀಳು ಉಳಿಯುತ್ತದೆ ಅಥವಾ ಒಂದರ ಮೇಲೊಂದು ಹತ್ತುತ್ತದೆ.

ಕ್ಷೇತ್ರ ತೆಗೆಯಲು ಫೀಲ್ಡ್ ಕ್ಯಾಲ್ಕ್ಯುಲೇಟರ್ ಎಂಬುದನ್ನು ತೆರೆದು, ಜಿಯೋಮೆಟ್ರಿ ಗುಂಪಿನಲ್ಲಿರುವ ಏರಿಯಾ ಸೂತ್ರ ಆರಿಸಬೇಕು. ಉತ್ತರ ಚದರ ಮೀಟರಿನಲ್ಲಿ ಬರುತ್ತದೆ. ಅದನ್ನು 4,047ರಿಂದ ಭಾಗಿಸಿದರೆ ಎಕರೆ, 101.17ರಿಂದ ಭಾಗಿಸಿದರೆ ಗುಂಟೆ. ಹಳೆಯ ಮುಂಬಯಿ ಕಂದಾಯ ಮೋಜಣಿಯ ಸರಪಳಿ 33 ಅಡಿ ಉದ್ದದ್ದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಹಿರಿಯರಿಗೆ ಗೊತ್ತಿರುವ ಈ ಲೆಕ್ಕದಿಂದ ಗಣಕಯಂತ್ರದ ಉತ್ತರವನ್ನು ತಾಳೆ ನೋಡಬಹುದು. ಬಂದ ಕ್ಷೇತ್ರವನ್ನು ಪಹಣಿಯೊಂದಿಗೆ ಹೋಲಿಸಿ. ಬಹಳ ಅಂತರವಿದ್ದರೆ ನಾಲ್ಕನೆಯ ಹಂತಕ್ಕೆ ಹಿಂತಿರುಗಿ.

ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬಾಗಲಕೋಟೆ ಜಿಲ್ಲೆ ವಿಜಾಪುರದಿಂದ ಬೇರೆಯಾದುದು 1997ರಲ್ಲಿ. ಇಳಕಲ್ ತಾಲೂಕು ಹುನಗುಂದದಿಂದ ಬೇರೆಯಾದುದು ಅದಕ್ಕೂ ಈಚೆಗೆ. ಆದ್ದರಿಂದ ಒಂದೇ ಊರು ಹಳೆಯ ದತ್ತಾಂಶದಲ್ಲಿ ಒಂದು ತಾಲೂಕಿನಲ್ಲಿ, ಹೊಸದರಲ್ಲಿ ಇನ್ನೊಂದರಲ್ಲಿ ಇರಬಹುದು. ಎರಡು ಪಟ್ಟಿಗಳನ್ನು ಕೂಡಿಸುವಾಗ ಹೆಸರಿಗಿಂತ ಗ್ರಾಮದ ಸಂಕೇತ ಸಂಖ್ಯೆಯನ್ನು ನಂಬುವುದು ಮೇಲು.

6. ಬಣ್ಣ ಕೊಡುವುದು, ಪ್ರಶ್ನೆ ಕೇಳುವುದು

ಪದರಿನ ಗುಣಗಳಲ್ಲಿ ಕ್ಯಾಟಗರೈಸ್ಡ್ ಎಂಬುದನ್ನು ಆರಿಸಿ, ಮಣ್ಣಿನ ಅಂಕಣ ತೋರಿಸಿದರೆ ಎರಿ, ಮಸಾರಿ, ಮರಳು ಭೂಮಿಗಳಿಗೆ ಬೇರೆ ಬೇರೆ ಬಣ್ಣ ಬರುತ್ತದೆ. ಆದರೆ ಬಣ್ಣದ ನಕಾಶೆ ಬರೀ ಆರಂಭ. ಈ ತಂತ್ರಾಂಶದ ಸತ್ವವಿರುವುದು ಪ್ರಶ್ನೆ ಕೇಳುವುದರಲ್ಲಿ. "ಎರಿ ಭೂಮಿಯಿದ್ದು ಎರಡು ಎಕರೆಗಿಂತ ಹೆಚ್ಚಿರುವ ಹೊಲಗಳು ಯಾವುವು?" ಎಂದು ಕೇಳಿದರೆ ಅವು ಹಳದಿ ಬಣ್ಣದಲ್ಲಿ ಎದ್ದು ಕಾಣುತ್ತವೆ. ಬಫರ್ ಎಂಬ ಸಾಧನದಿಂದ ಹಳ್ಳದ ಎರಡೂ ದಡಕ್ಕೆ 30 ಮೀಟರಿನ ಪಟ್ಟಿ ಎಳೆಯಬಹುದು. ಇಂಟರ್‌ಸೆಕ್ಷನ್ ಎಂಬುದರಿಂದ ಆ ಪಟ್ಟಿಯಲ್ಲಿ ಯಾರ ಹೊಲದ ಎಷ್ಟು ಗುಂಟೆ ಬರುತ್ತದೆ ಎಂದು ತೆಗೆಯಬಹುದು. ದಡ ಕೊರೆಯುವ ಹಳ್ಳಕ್ಕೆ ಗಿಡ ಹಚ್ಚುವಾಗ ಇದು ಉಪಯುಕ್ತ.

ಹುನಗುಂದ ತಾಲೂಕಿನ ರಾಮಥಾಳ ಹನಿ ನೀರಾವರಿ ಯೋಜನೆಯನ್ನೇ ನೋಡಿರಿ. ಕೃಷ್ಣಾ ಭಾಗ್ಯ ಜಲ ನಿಗಮವು ಸುಮಾರು 24,000 ಹೆಕ್ಟೇರಿಗೆ ಕೊಳವೆಗಳ ಮೂಲಕ ನೀರು ಒದಗಿಸಲು ಕೈಗೊಂಡ ಯೋಜನೆ ಇದು. ಇಷ್ಟು ವಿಸ್ತಾರದಲ್ಲಿ ಯಾವ ಕೊಳವೆ ಯಾವ ಸರ್ವೆ ನಂಬರಿನಲ್ಲಿ ಹಾಯ್ದಿದೆ, ಯಾವ ಕವಾಟದ ಕೆಳಗೆ ಯಾರ ಹೊಲ ಬರುತ್ತದೆ ಎಂಬುದನ್ನು ನೆನಪಿನಲ್ಲಿಡುವುದು ಯಾರಿಂದಲೂ ಆಗದು. ನೀರು ಬಳಕೆದಾರರ ಸಂಘದಲ್ಲಿ ನಕಾಶೆ ಓದಬಲ್ಲವರು ಒಬ್ಬಿಬ್ಬರಾದರೂ ಇದ್ದರೆ ಕವಾಟ ಕೆಟ್ಟಾಗ ಸ್ಥಳ ತೋರಿಸಿ ಮಾತನಾಡಬಹುದು.

7. ಹೊಂಡದ ಲೆಕ್ಕ: ಒಂದು ಉದಾಹರಣೆ

ಒಬ್ಬ ರೈತ ಮೇಲೆ 15 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೋಡಬೇಕೆಂದಿದ್ದಾನೆ ಎನ್ನೋಣ. ದಂಡೆಯ ಇಳಿಜಾರು ಒಂದಕ್ಕೆ ಒಂದೂವರೆ ಇಟ್ಟರೆ ತಳ 6 ಮೀಟರ್ ಚೌಕವಾಗುತ್ತದೆ. ಇದರಲ್ಲಿ 351 ಘನ ಮೀಟರ್, ಅಂದರೆ 3 ಲಕ್ಷ 51 ಸಾವಿರ ಲೀಟರ್ ನೀರು ಹಿಡಿಯುತ್ತದೆ.

ಒಂದು ದೊಡ್ಡ ಮಳೆಯಲ್ಲಿ 40 ಮಿಲಿಮೀಟರ್ ಬಿದ್ದು, ಅದರ ಕಾಲು ಭಾಗ ಹರಿದು ಬಂತೆಂದು ಹಿಡಿಯೋಣ. ಹರಿದ ನೀರು 10 ಮಿಲಿಮೀಟರ್. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ 4,047 ಲೀಟರ್. ಹೊಂಡಕ್ಕೆ 10 ಎಕರೆಯ ನೀರು ಬರುವುದಾದರೆ ಒಟ್ಟು 4 ಲಕ್ಷ ಲೀಟರಿಗೂ ಹೆಚ್ಚಾಯಿತು. ಹೊಂಡ ತುಂಬಿ ಕೋಡಿ ಬೀಳುತ್ತದೆ. ನಡುವೆ ಒಂದು ಬಂಡಿದಾರಿ ಅಡ್ಡವಾಗಿ, ವಾಸ್ತವದಲ್ಲಿ 4 ಎಕರೆಯ ನೀರು ಮಾತ್ರ ಇತ್ತ ಬರುತ್ತಿದ್ದರೆ ಸಿಗುವುದು 1 ಲಕ್ಷ 62 ಸಾವಿರ ಲೀಟರ್. ಹೊಂಡ ಅರ್ಧವೂ ತುಂಬದು. ಹೀಗೆ ಹೊಂಡದ ಭವಿಷ್ಯ ನಿರ್ಧಾರವಾಗುವುದು ನೀರು ಬರುವ ಕ್ಷೇತ್ರದ ಮೇಲೆ. ಆ ಕ್ಷೇತ್ರವನ್ನು ಆವರಣವಾಗಿ ಬರೆದು ಎಕರೆ ತೆಗೆಯುವುದು ಐದನೆಯ ಹಂತ ಕಲಿತವರಿಗೆ ಹತ್ತು ನಿಮಿಷದ ಕೆಲಸ.

ಇಳಿಜಾರಿನ ದಿಕ್ಕು ತಿಳಿಯಲು ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದುದು ಒಂದು. ನಮ್ಮ ಇಸ್ರೋ ಸಂಸ್ಥೆಯ ಭುವನ್ ತಾಣದಲ್ಲಿರುವ ಕಾರ್ಟೋಸ್ಯಾಟ್ ಉಪಗ್ರಹದ್ದು ಇನ್ನೊಂದು. ಇದರಿಂದ ರಾಸ್ಟರ್ ಪಟ್ಟಿಯಲ್ಲಿನ ಕಾಂಟೂರ್ ಸಾಧನದ ಮೂಲಕ ಸಮಪಾತಳಿ ಗೆರೆಗಳನ್ನು ಎಳೆಯಬಹುದು. ಊರ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ನಕಾಶೆಯ ಮಿತಿಗಳು

ಗಣಕಯಂತ್ರದಿಂದ ಬಂದದ್ದೆಲ್ಲ ನಿಜವೆಂದು ನಂಬುವುದು ಅಪಾಯಕರ. ಮೂರು ಅಂಶಗಳನ್ನು ಮರೆಯಬಾರದು.

(ಅ) ಮೇಲೆ ಹೇಳಿದ ಎತ್ತರದ ದತ್ತಾಂಶದ ಒಂದು ಚೌಕ 30 ಮೀಟರ್ ಉದ್ದಗಲದ್ದು. ಅಂದರೆ ಸುಮಾರು 9 ಗುಂಟೆಗೆ ಒಂದೇ ಅಂಕಿ. ಒಂದು ಎಕರೆಗೆ ನಾಲ್ಕೂವರೆ ಅಂಕಿಗಳಷ್ಟೇ. ಎತ್ತರದಲ್ಲಿಯೂ ಕೆಲವು ಮೀಟರುಗಳ ತಪ್ಪು ಇರುತ್ತದೆ. ಒಂದಡಿ ಎರಡಡಿ ವ್ಯತ್ಯಾಸದ ಎರಿ ಹೊಲದಲ್ಲಿ ಒಡ್ಡಿನ ಗೆರೆ ಹಾಕಲು ಇದನ್ನು ಎಂದಿಗೂ ಬಳಸಬಾರದು. ಅದಕ್ಕೆ ಡಂಪಿ ಲೆವೆಲ್ ಅಥವಾ ನೀರು ತುಂಬಿದ ಕೊಳವೆಯ ಮಟ್ಟವೇ ಆಗಬೇಕು.

(ಆ) ಮೊಬೈಲಿನ ಸ್ಥಾನದಲ್ಲಿ ಬಯಲಿನಲ್ಲಿಯೂ ಸುಮಾರು 5 ಮೀಟರಿನ ತಪ್ಪು ಸಾಮಾನ್ಯ. ಒಂದು ಎಕರೆಯ ಚೌಕ ಹೊಲದ ಬದಿ ಸುಮಾರು 64 ಮೀಟರ್. ಒಂದು ಬದಿ 5 ಮೀಟರ್ ಸರಿದರೆ ಮೂರು ಗುಂಟೆಗೂ ಮಿಕ್ಕಿ ಜಾಗ ಒಬ್ಬರಿಂದ ಇನ್ನೊಬ್ಬರಿಗೆ ಹೋದಂತೆ ತೋರುತ್ತದೆ. ಆದುದರಿಂದ ಈ ನಕಾಶೆ ಹಿಡಿದು ಬದುವಿನ ಜಗಳ ತೆಗೆಯಬಾರದು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ನಿಂತಲ್ಲಿಯೇ ಸರ್ವೆ ನಂಬರು ತೋರಿಸುತ್ತದೆ. ಅದೂ ಮಾಹಿತಿಗಾಗಿ ಮಾತ್ರ. ಎಲ್ಲೆಯ ವಿಷಯದಲ್ಲಿ ಸರ್ಕಾರಿ ಮೋಜಣಿದಾರರ ಅಳತೆಯೇ ಪ್ರಮಾಣ. ಅಣ್ಣತಮ್ಮಂದಿರ ನಡುವೆ ಬದುವಿನ ಮಾತು ಬಂದಾಗ ಹಿಸ್ಸಾ ಮೋಜಣಿಗೆ ಅರ್ಜಿ ಹಾಕುವುದೇ ಸರಿಯಾದ ದಾರಿ.

(ಇ) ಗ್ರಾಮ ನಕಾಶೆ ತಯಾರಾದ ಮೇಲೆ ಹಳ್ಳ ಸರಿದಿರಬಹುದು, ಕಲ್ಲುಗಣಿ ಬಂದಿರಬಹುದು, ಹೊಸ ರಸ್ತೆ ನೀರಿನ ದಾರಿಯನ್ನು ಬದಲಿಸಿರಬಹುದು. ಇಳಕಲ್ ಸುತ್ತ ಗ್ರಾನೈಟ್ ಗಣಿಗಳಿರುವಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಮಳೆ ಬರುವಾಗ ಕೊಡೆ ಹಿಡಿದು ಹೊಲದಲ್ಲಿ ನಿಂತು, ನೀರು ಹರಿಯುವ ದಾರಿಯನ್ನು ಕಣ್ಣಾರೆ ಕಂಡು ಗೆರೆಯನ್ನು ತಿದ್ದಬೇಕು. ಇದಕ್ಕೆ ಬದಲಿ ಸಾಧನವಿಲ್ಲ.

8. ನಕಾಶೆಯನ್ನು ಅಚ್ಚು ಹಾಕುವುದು

ಪ್ರಿಂಟ್ ಲೇಔಟ್ ತೆರೆದು ನಕಾಶೆಯನ್ನು ಹಾಳೆಗೆ ಹೊಂದಿಸಿರಿ. ಶೀರ್ಷಿಕೆ, ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ, ಬಣ್ಣಗಳ ವಿವರ, ದತ್ತಾಂಶ ಎಲ್ಲಿಯದು, ತಯಾರಿಸಿದ ದಿನಾಂಕ ಈ ಆರೂ ಇರಲೇಬೇಕು. ದಿನಾಂಕವಿಲ್ಲದ ನಕಾಶೆ ಐದು ವರ್ಷದ ನಂತರ ಜನರನ್ನು ದಾರಿ ತಪ್ಪಿಸುತ್ತದೆ. ಗ್ರಾಮಸಭೆಯಲ್ಲಿ ಗೋಡೆಗೆ ಹಚ್ಚುವಂತಿದ್ದರೆ ಸರ್ವೆ ನಂಬರುಗಳು ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಓದಲು ಬರುವಷ್ಟು ದಪ್ಪವಿರಲಿ. ಹೆಣ್ಣುಮಕ್ಕಳು, ಕುರಿಗಾಹಿಗಳು ಬಂದು ನೋಡಿ "ನೀರು ಇಲ್ಲಿ ಹಾಯುವುದಿಲ್ಲ, ಅಲ್ಲಿ ಹಾಯುತ್ತದೆ" ಎಂದರೆ ಅದನ್ನು ಹಾಳೆಯ ಮೇಲೆಯೇ ಕೆಂಪು ಮಸಿಯಿಂದ ಬರೆದು, ಬಳಿಕ ಗಣಕಯಂತ್ರದಲ್ಲಿ ತಿದ್ದಿರಿ.

ಮೊದಲ ತಿಂಗಳ ಅಭ್ಯಾಸ

ಮೊದಲ ವಾರ: ತಂತ್ರಾಂಶ ಅಳವಡಿಸಿ, ಪದ್ಧತಿಯನ್ನು 32643ಕ್ಕೆ ಹೊಂದಿಸಿ, ಊರಿನ ಹತ್ತು ಬಿಂದುಗಳನ್ನು ತರುವುದು.
ಎರಡನೆಯ ವಾರ: ಗ್ರಾಮ ನಕಾಶೆಯನ್ನು ಆರು ಬಿಂದುಗಳಿಂದ ಹೊಂದಿಸಿ, ಉಳಿಕೆ ತಪ್ಪು ನೋಡುವುದು.
ಮೂರನೆಯ ವಾರ: ಒಂದು ಹಳ್ಳದ ಬದಿಯ ಹತ್ತು ಹೊಲಗಳನ್ನು ಬರೆದು ಎಕರೆ ಗುಂಟೆ ತೆಗೆದು, ಪಹಣಿಯೊಂದಿಗೆ ತಾಳೆ ನೋಡುವುದು.
ನಾಲ್ಕನೆಯ ವಾರ: ಒಂದು ಹೊಂಡಕ್ಕೆ ನೀರು ಬರುವ ಕ್ಷೇತ್ರವನ್ನು ಬರೆದು, ಹೊಲಕ್ಕೆ ಹೋಗಿ ತಿದ್ದಿ, ಅಚ್ಚು ಹಾಕುವುದು.

ಹಿಂದೆ ಭೂಪಟದ ದತ್ತಾಂಶ ಪಡೆಯಲು ಅನುಮತಿಗಳ ತೊಡಕು ಇತ್ತು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳಿಂದ ನಕಾಶೆ ತಯಾರಿಸುವುದು ಹಾಗೂ ಬಳಸುವುದು ನಮ್ಮ ದೇಶದವರಿಗೆ ಬಹುಮಟ್ಟಿಗೆ ಮುಕ್ತವಾಗಿದೆ. ಊರಿಗೊಬ್ಬರು ಈ ಕೆಲಸ ಕಲಿತರೂ ಹೊಂಡ, ಒಡ್ಡುಗಳ ಯೋಜನೆ ಬಂದಾಗ ಸ್ಥಳದ ಪ್ರಶ್ನೆಯನ್ನು ಊರವರೇ ಅಂಕಿ ಸಹಿತ ಎತ್ತಬಹುದು. ಆಸಕ್ತರು ಕಲಿತು ಮಾಡಿದ ತಮ್ಮ ಮೊದಲ ನಕಾಶೆಯ ಪ್ರತಿಯೊಂದಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕಂಡು, ಮಣ್ಣು ಮತ್ತು ಇಳಿಜಾರಿನ ಬಗೆಗೆ ಸಲಹೆ ಪಡೆದು, ಮುಂಗಾರಿಗೆ ಮೊದಲೇ ಹೊಂಡದ ಸ್ಥಳ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.